ಶೋಧಕ ನಾಯಿಗಳೂ ಸರಕಾರದ ಮನ್ನಣೆಯೂ

(ನಮ್ಮ ವಾಚನಾಲಯದ ಭಾನುವಾರದ ಸಭೆಯಲ್ಲಿ ಓದಿದ ಭಾಷಣ)



ಕೂಲಿ, ಬಾಡಿಗೆ, ಪ್ರಾವಿಡೆಂಟ್ ಫಂಡು, ಊರಿಗೆ ಹೋಗುವ ರೈಲು ಎಂದು ಮಾತನಾಡಲು ನಮಗೆ ಬೇಕಾದಷ್ಟು ವಿಷಯಗಳಿವೆ. ಅವನ್ನೆಲ್ಲ ಬದಿಗಿಟ್ಟು ಈ ಹೊತ್ತು ನಾಯಿಯ ಮಾತನ್ನೇಕೆ ಎತ್ತಿಕೊಂಡೆವು ಎಂದು ಕೆಲವರಿಗೆ ಅನ್ನಿಸಬಹುದು. ನಾವು ಹೇಳಹೊರಟಿರುವುದು ಬೀದಿಯ ನಾಯಿಯ ಮಾತಲ್ಲ, ಸಿರಿವಂತರ ಸೋಫಾದ ಮೇಲಿನ ನಾಯಿಯ ಮಾತೂ ಅಲ್ಲ. ಕುಸಿದ ಕಟ್ಟಡದ ಅಡಿಯಲ್ಲಿ ಜೀವವಿದೆಯೆ ಎಂದು ಮೂಗಿನಿಂದ ಕಂಡುಹಿಡಿಯುವ ನಾಯಿ, ಅದನ್ನು ಸಂಬಳವಿಲ್ಲದೆ ಸಾಕಿ ಕಲಿಸಿ ಕರೆತರುವ ಸ್ವಯಂಸೇವಕ, ಇವರಿಬ್ಬರಿಗೂ ಕಾಯಿದೆಯಲ್ಲಿ ಸ್ಥಾನವಿರಬೇಕೆ ಎಂಬುದು ಇಂದಿನ ಪ್ರಶ್ನೆ. ಬಾಡಿಗೆಯ ಕೋಣೆಗಳಲ್ಲಿ ಮಲಗುವ ನಮಗೆ ಇದು ದೂರದ ಪ್ರಶ್ನೆಯಲ್ಲ.

2024ನೆಯ ಇಸವಿ ಜುಲೈ 6ರಂದು, ಶನಿವಾರ ಮಧ್ಯಾಹ್ನ, ನಮ್ಮ ಈ ಸಚಿನ್‌ನ ಪಾಲಿ ಗ್ರಾಮದಲ್ಲಿ ಬಹುಮಹಡಿಯ ವಸತಿ ಕಟ್ಟಡವೊಂದು ಕುಸಿದುಬಿದ್ದುದನ್ನು ತಾವೆಲ್ಲರೂ ಬಲ್ಲಿರಿ. ಅದನ್ನು ಕಟ್ಟಿ ಹತ್ತು ವರ್ಷವೂ ತುಂಬಿರಲಿಲ್ಲ. ಕಾರ್ಖಾನೆಗಳಲ್ಲಿ ದುಡಿಯುವವರು ಅಲ್ಲಿ ಬಾಡಿಗೆಗೆ ಇದ್ದರು. ಹಗಲು ಹೊತ್ತಾದ್ದರಿಂದ ಅನೇಕರು ಕೆಲಸಕ್ಕೆ ಹೋಗಿದ್ದರು; ಇಲ್ಲದಿದ್ದರೆ ಸಾವಿನ ಲೆಕ್ಕ ಎಲ್ಲಿಗೆ ಮುಟ್ಟುತ್ತಿತ್ತೋ! ಒಬ್ಬ ಹೆಣ್ಣುಮಗಳನ್ನು ಜೀವಸಹಿತ ಹೊರತೆಗೆದರು. ರಾತ್ರಿಯೆಲ್ಲ ಕಲ್ಲುಮಣ್ಣು ಸರಿಸಿ ಏಳು ಶವಗಳನ್ನು ತೆಗೆದರು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರೂ ರಾಜ್ಯದ ಪಡೆಯವರೂ ಅಗ್ನಿಶಾಮಕರೂ ಅಲ್ಲಿ ದುಡಿದರು. ಅವರಿಗೆ ನಮ್ಮ ನಮಸ್ಕಾರ ಸಲ್ಲಬೇಕು.

ಇಂಥ ಸಮಯದಲ್ಲಿ ರಕ್ಷಕರ ಮುಂದೆ ಬರುವ ಮೊದಲ ತೊಡಕು ಎತ್ತುವುದಲ್ಲ, ಹುಡುಕುವುದು. ಎಲ್ಲಿ ಅಗೆಯಬೇಕು? ಯಂತ್ರವನ್ನು ಯಾವ ಕಡೆಯಿಂದ ತರಬೇಕು? ತಪ್ಪಿದ ಕಡೆ ಅಗೆದರೆ ಹೊತ್ತೂ ಹೋಯಿತು, ಮೇಲಿನ ಭಾರ ಜಾರಿ ಕೆಳಗಿನ ಜೀವವೂ ಹೋದೀತು. ಅವಶೇಷದಡಿ ಸಿಕ್ಕಿದವರಲ್ಲಿ ಬದುಕಿ ಬರುವವರು ಹೆಚ್ಚಾಗಿ ಮೊದಲ ದಿನದಲ್ಲೇ ಬರುತ್ತಾರೆ. ಮೂರು ದಿನ ಕಳೆದ ಮೇಲೆ ಆಸೆ ಬಹಳ ಕ್ಷೀಣ. ಇಲ್ಲಿಯೇ ನಾಯಿಯ ಪ್ರಯೋಜನ.

ಮನುಷ್ಯನ ಮೈಯಿಂದ, ಉಸಿರಿನಿಂದ ಹೊರಡುವ ವಾಸನೆ ಬಿರುಕುಗಳ ಮೂಲಕ ಮೇಲಕ್ಕೇರಿ ಗಾಳಿಯಲ್ಲಿ ಬೆರೆಯುತ್ತದೆ. ತರಬೇತಾದ ನಾಯಿ ಆ ಗಾಳಿಯನ್ನು ಹಿಡಿದು, ವಾಸನೆ ಗಟ್ಟಿಯಾಗುವ ಕಡೆಗೆ ನಡೆದು, ಅಲ್ಲಿ ನಿಂತು ಬೊಗಳುತ್ತದೆ. ಕೂಗಲು ಶಕ್ತಿಯಿಲ್ಲದವನನ್ನೂ, ಎಚ್ಚರ ತಪ್ಪಿದವನನ್ನೂ ಅದು ಕಂಡುಹಿಡಿಯಬಲ್ಲದು. ಒಂದು ನಾಯಿ ಬೊಗಳಿದೊಡನೆಯೇ ಅಗೆಯುವುದಿಲ್ಲ. ಮೊದಲನೆಯದನ್ನು ಹಿಂದಕ್ಕೆ ಕರೆದು ಇನ್ನೊಂದನ್ನು ಬಿಡುತ್ತಾರೆ. ಅದೂ ಅದೇ ಜಾಗದಲ್ಲಿ ಬೊಗಳಿದರೆ ಆಗ ಗುದ್ದಲಿ ಹಾಕುತ್ತಾರೆ. 2023ರ ಫೆಬ್ರವರಿ 6ರಂದು ತುರ್ಕಿ ದೇಶದಲ್ಲಿ ಭೂಕಂಪವಾದಾಗ ನಮ್ಮ ರಾಷ್ಟ್ರೀಯ ಪಡೆಯವರು ಜೂಲಿ, ರೋಮಿಯೋ ಮೊದಲಾದ ನಾಯಿಗಳೊಡನೆ ಅಲ್ಲಿಗೆ ಹೋದರು. ನೂರ್ದಾಗಿ ಎಂಬ ಊರಿನಲ್ಲಿ ಜೂಲಿ ಒಂದು ಕಡೆ ಬೊಗಳಿತು, ರೋಮಿಯೋ ಬಂದು ಅದನ್ನೇ ದೃಢಪಡಿಸಿತು, ಅಗೆದಾಗ ಪುಟ್ಟ ಹೆಣ್ಣುಮಗುವೊಂದು ಜೀವಂತ ಸಿಕ್ಕಿತು.

ಇನ್ನೊಂದು ಬಗೆಯ ನಾಯಿಗಳೂ ಉಂಟು. ಅವಕ್ಕೆ ಶವದ ವಾಸನೆಯನ್ನು ಕಲಿಸಿರುತ್ತಾರೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜಾರಿದಾಗ ಕೇರಳ ಪೋಲೀಸರ ಮಾಯಾ, ಮರ್ಫಿ ಎಂಬ ನಾಯಿಗಳು ಕೆಸರಿನಲ್ಲಿ ಹುಡುಕಿದ್ದು ಈ ಕೆಲಸವನ್ನೇ. ಸತ್ತವನನ್ನು ಹುಡುಕಿ ಕೊಡುವುದೂ ಸಣ್ಣ ಉಪಕಾರವಲ್ಲ. ಊರಿನಲ್ಲಿ ಮಗನ ಮುಖ ಕಾಣದೆ, ಸಂಸ್ಕಾರವನ್ನೂ ಮಾಡಲಾರದೆ ಕೂತ ತಾಯಿತಂದೆಗಳಿಗೆ ಅದರ ಬೆಲೆ ಗೊತ್ತು.

ಹಾಗಾದರೆ ಸರಕಾರದ ಬಳಿ ನಾಯಿಗಳಿವೆಯಲ್ಲ, ಸ್ವಯಂಸೇವಕರೇಕೆ ಎಂದು ಕೇಳಬಹುದು. ಉತ್ತರ ರಸ್ತೆಯ ಮೇಲಿದೆ. ಗುಜರಾತಿನಲ್ಲಿ ರಾಷ್ಟ್ರೀಯ ಪಡೆಯ 6ನೆಯ ಬೆಟಾಲಿಯನ್ನಿನ ನೆಲೆ ವಡೋದರಾ ಬಳಿಯ ಜರೋದ್. ಅಲ್ಲಿಂದ ಸಚಿನ್‌ಗೆ 150 ಕಿಲೋಮೀಟರಿಗೂ ಮಿಕ್ಕ ದಾರಿ. ಮಳೆಗಾಲದಲ್ಲಿ ತುಕಡಿಗಳನ್ನು ಮುಂಚಿತವಾಗಿ ಜಿಲ್ಲೆಗಳಿಗೆ ಕಳುಹಿಸುವುದುಂಟು. ಆದರೆ ಕಟ್ಟಡ ಮಳೆಗಾಲವನ್ನು ನೋಡಿಯೇ ಬೀಳಬೇಕೆಂದಿಲ್ಲ. ಇನ್ನು ದೊಡ್ಡ ಭೂಕಂಪವಾದರೆ ಒಂದೇ ದಿನ ನೂರು ಕಡೆ ಕರೆ ಬರುತ್ತದೆ, ಯಾವ ಪಡೆಯೂ ಸಾಲದು.

ಈ ಗುಜರಾತೇ ಅದನ್ನು ಕಂಡಿದೆ. 2001ರ ಜನವರಿ 26ರಂದು ಬೆಳಿಗ್ಗೆ ಕಚ್ಛದಲ್ಲಿ ಭೂಮಿ ನಡುಗಿ 13 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಉರುಳಿ ನೂರಾರು ಜನ ಮಡಿದರು. ಆಗ ಸ್ವಿಟ್ಜರ್ಲೆಂಡಿನಿಂದಲೂ ಬ್ರಿಟನ್ನಿನಿಂದಲೂ ನಾಯಿಗಳು ವಿಮಾನದಲ್ಲಿ ಬಂದು ಭುಜ್ ಪ್ರಾಂತದ ಕಲ್ಲುರಾಶಿಗಳ ಮೇಲೆ ಓಡಾಡಿದವು. ಸ್ವಿಟ್ಜರ್ಲೆಂಡಿನಲ್ಲಿ ರೆಡಾಗ್ ಎಂಬ ಸಂಘ 1971ರಿಂದ ಇದೆ. ಅದರ ಸದಸ್ಯರು ಬೇರೆ ಕಸುಬಿನಿಂದ ಹೊಟ್ಟೆ ಹೊರೆದುಕೊಂಡು, ಬಿಡುವಿನಲ್ಲಿ ತಮ್ಮ ನಾಯಿಯನ್ನು ಕಲಿಸುವ ಸ್ವಯಂಸೇವಕರು. ಆದರೂ ಆ ದೇಶ ಪರನಾಡಿಗೆ ಕಳುಹಿಸುವ ರಕ್ಷಣಾ ತಂಡದಲ್ಲಿ ಆ ಸಂಘಕ್ಕೆ ಗೊತ್ತುಮಾಡಿದ ಸ್ಥಾನವಿದೆ. ಬ್ರಿಟನ್ನಿನ ಸ್ಕಾಟ್ಲೆಂಡಿನಲ್ಲಿಯೂ ಬೆಟ್ಟಗಳಲ್ಲಿ ಕಾಣೆಯಾದವರನ್ನು ಹುಡುಕುವ ನಾಯಿಗಳ ಸಂಘ 1965ರಷ್ಟು ಹಿಂದೆಯೇ ಹುಟ್ಟಿತು. ಅಂಥ ಸಂಘದವರು ತಾವಾಗಿ ಬೆಟ್ಟ ಹತ್ತುವುದಿಲ್ಲ, ಪೋಲೀಸರು ಕರೆದಾಗ ಹೋಗುತ್ತಾರೆ. ಈ ‘ಕರೆದಾಗ’ ಎಂಬ ಮಾತನ್ನು ತಾವು ಗಮನಿಸಬೇಕು. ಸಾಮಾನ್ಯ ನಾಗರಿಕನ ಹವ್ಯಾಸವು ಸಾರ್ವಜನಿಕ ಸೇವೆಯಾಗಿ ಮಾರ್ಪಡುವುದು ಆ ಒಂದು ಕರೆಯಿಂದ.

ಒಳ್ಳೆಯ ಮನಸ್ಸಿದ್ದರೆ ಸಾಲದೆ, ಕಾಯಿದೆ ಏಕೆ ಬೇಕು? ನಾಲ್ಕು ಮಾತಿನಲ್ಲಿ ಹೇಳುತ್ತೇವೆ.

ಮೊದಲನೆಯದಾಗಿ, ಎಲ್ಲ ನಾಯಿಯೂ ಶೋಧಕ ನಾಯಿಯಲ್ಲ. ಒಂದು ನಾಯಿಯನ್ನು ಈ ಕೆಲಸಕ್ಕೆ ಸಿದ್ಧಮಾಡಲು ಒಂದೂವರೆ ಎರಡು ವರ್ಷಗಳ ಸತತ ಅಭ್ಯಾಸ ಬೇಕು. ಅರೆಕಲಿತ ನಾಯಿ ಅನ್ನದ ಡಬ್ಬಿಯನ್ನೋ ಹಾಸಿಗೆಯನ್ನೋ ಮೂಸಿ ಬೊಗಳಿದರೆ, ಇಪ್ಪತ್ತು ಜನ ಅಲ್ಲಿ ಅಗೆಯುತ್ತ ಕೂರುತ್ತಾರೆ. ಹತ್ತು ಗಜದಾಚೆ ಒಬ್ಬ ಪ್ರಾಣ ಬಿಡುತ್ತಾನೆ. ಆದಕಾರಣ ಪರೀಕ್ಷೆಯಿಲ್ಲದ ನಾಯಿಯನ್ನು ಹಗ್ಗದ ಗಡಿಯೊಳಗೆ ಬಿಡಲೇಬಾರದು ಎಂಬ ಅಧಿಕಾರಿಯ ಮಾತು ಸರಿಯೇ.

ಎರಡನೆಯದು, ಪರೀಕ್ಷೆ ಗೆದ್ದ ನಾಯಿ ಇದು ಎಂದು ಅಧಿಕಾರಿಗೆ ತಿಳಿಯುವುದು ಹೇಗೆ? ಕಟ್ಟಡ ಬಿದ್ದ ಗಳಿಗೆಯಲ್ಲಿ ಕಾಗದಪತ್ರ ನೋಡುವ ವೇಳೆ ಯಾರಿಗಿದೆ? ಮುಂಚೆಯೇ ಪಟ್ಟಿಯಿರಬೇಕು.

ಮೂರನೆಯದು, ಪೆಟ್ಟು ಬಿದ್ದರೆ ಯಾರು ನೋಡಿಕೊಳ್ಳಬೇಕು? ಮುರಿದ ಕಂಬಿಯಿಂದ ನಾಯಿಯ ಪಾದ ಸೀಳುತ್ತದೆ, ಯಜಮಾನನ ಮೇಲೆ ಗೋಡೆ ಬೀಳುತ್ತದೆ. ಸಂಬಳದ ಜವಾನನಾದರೆ ಸರಕಾರವಿದೆ. ಸ್ವಯಂಸೇವಕನ ಹೆಂಡತಿ ಮಕ್ಕಳಿಗೆ ಯಾರು?

ನಾಲ್ಕನೆಯದು, ಬರುವುದು ಹೇಗೆ? ನಮ್ಮ ರೈಲಿನಲ್ಲಿ ನಾಯಿಯನ್ನು ಕರೆದೊಯ್ಯಬೇಕಾದರೆ ಮೊದಲ ದರ್ಜೆಯ ಡಬ್ಬಿಯಲ್ಲಿ ಇಡೀ ಕೋಣೆಯನ್ನು ಕಾದಿರಿಸಬೇಕು, ಇಲ್ಲವೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು. ನಾವು ಪ್ರಯಾಣ ಮಾಡುವ ಸಾಧಾರಣ ಡಬ್ಬಿಯಲ್ಲಿ ಅದಕ್ಕೆ ಪ್ರವೇಶವಿಲ್ಲ. ಮೋಜಿಗೆ ಸಾಕಿದ ನಾಯಿಗೆ ಈ ನಿಯಮ ಇರಲಿ. ಜೀವ ಉಳಿಸಲು ಹೊರಟ ನಾಯಿಗೂ ಇದೇ ಆದರೆ ಹೇಗೆ?

ಮನ್ನಣೆಯ ನಿಯಮ ಮೊದಲೇ ಗಟ್ಟಿಯಾಗಿರದಿದ್ದರೆ ಎಂಥ ಕಸಿವಿಸಿ ಆಗುತ್ತದೆಂಬುದಕ್ಕೆ ನಮ್ಮ ನಾಡಿನ ಉದಾಹರಣೆಯೇ ಇದೆ. ಅದು ನಾಯಿಯದಲ್ಲ, ಮುಳುಗುಗಾರರದು. 2024ರ ಜುಲೈ 16ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಜನವೂ ಲಾರಿಯೂ ಗಂಗಾವಳಿ ಹೊಳೆಯ ಪಾಲಾದಾಗ, ಮಲ್ಪೆಯಿಂದ ಸ್ವಯಂಸೇವಕ ಮುಳುಗುಗಾರರು ಬಂದು ಆ ಸೆಳೆತದಲ್ಲಿ ಇಳಿದರು. ಮುಂದೆ ಸೆಪ್ಟೆಂಬರಿನಲ್ಲಿ ಹುಡುಕಾಟದ ಸಂಬಂಧವಾಗಿ ಆಡಳಿತಕ್ಕೂ ಅವರಿಗೂ ಭಿನ್ನಾಭಿಪ್ರಾಯ ಬಂದು ಅವರು ಹಿಂದಿರುಗಿದರು. ಅದಾದ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 25ರಂದು, ಲಾರಿ ಹೊಳೆಯೊಳಗೆ ಸಿಕ್ಕಿತು. ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಯಾರು ಇಳಿಯಬಹುದು, ಯಾರ ಅಪ್ಪಣೆಯಂತೆ, ಯಾರ ಹೊಣೆಯ ಮೇಲೆ ಎಂಬುದು ಬರಹದಲ್ಲಿದ್ದರೆ ಹೊಳೆಯ ದಡದಲ್ಲಿ ನಿಂತು ವಾದಿಸುವ ಪ್ರಸಂಗ ಬಾರದು.

ಈಗ ಕಾಯಿದೆ ಏನು ಹೇಳುತ್ತದೆಂಬುದನ್ನು ನೋಡೋಣ. ಭೂಕಂಪದ ಪಾಠದಿಂದ ಗುಜರಾತು 2003ರಲ್ಲಿಯೇ ತನ್ನ ವಿಪತ್ತು ನಿರ್ವಹಣಾ ಕಾಯಿದೆಯನ್ನು ಮಾಡಿಕೊಂಡಿತು. ಇಡೀ ದೇಶಕ್ಕೆ 2005ರ ಕಾಯಿದೆ ಬಂದಿತು. ಅದರ 44ನೆಯ ಕಲಮಿನಂತೆ ರಾಷ್ಟ್ರೀಯ ಪಡೆ ಹುಟ್ಟಿತು. ಅದೇ ಕಾಯಿದೆಯ 73ನೆಯ ಕಲಮು, ಸದ್ಭಾವನೆಯಿಂದ ಮಾಡಿದ ಕೆಲಸಕ್ಕಾಗಿ ಸರಕಾರ, ಅದರ ಅಧಿಕಾರಿಗಳು, ಮತ್ತು ಅದರ ಪರವಾಗಿ ಕೆಲಸ ಮಾಡುವವರ ಮೇಲೆ ದಾವೆ ಹೂಡಕೂಡದೆನ್ನುತ್ತದೆ. ‘ಪರವಾಗಿ’ ಎಂಬುದರಲ್ಲೇ ಗುಟ್ಟಿದೆ. ಕರೆ ಬಂದು ಹೋದವನಿಗೆ ಈ ರಕ್ಷೆ ಉಂಟು. ಕರೆಯಿಲ್ಲದೆ ಕರುಣೆಯಿಂದ ಓಡಿಬಂದವನು ತಾನು ಯಾರ ಪರವಾಗಿ ಬಂದೆನೆಂದು ತೋರಿಸಬೇಕು? ಅತ್ತ 51ನೆಯ ಕಲಮಿನಂತೆ ಅಧಿಕಾರಿಯ ಕೆಲಸಕ್ಕೆ ಅಡ್ಡಬಂದವನಿಗೆ ಒಂದು ವರ್ಷದವರೆಗೆ ಸೆರೆಯೂ ಉಂಟು. ಒಳ್ಳೆಯದಕ್ಕೆಂದು ಬಂದವನು ಈ ಎರಡು ಕಲಮುಗಳ ನಡುವೆ ನಿಲ್ಲುತ್ತಾನೆ.

ಬಾಗಿಲು ಪೂರ್ತಿ ಮುಚ್ಚಿದೆಯೆಂದು ನಾವು ಹೇಳುವುದಿಲ್ಲ. 1968ರ ನಾಗರಿಕ ರಕ್ಷಣಾ ಕಾಯಿದೆ ಮೊದಲು ಯುದ್ಧಕಾಲಕ್ಕೆಂದು ಆದದ್ದು; 2010ರಲ್ಲಿ ಬಂದ ತಿದ್ದುಪಡಿಯಿಂದ ಪ್ರಕೃತಿ ವಿಕೋಪ ಮೊದಲಾದ ವಿಪತ್ತುಗಳ ಕೆಲಸವೂ ಅದರೊಳಗೆ ಸೇರಿತು. ಅದರಲ್ಲಿ ಸ್ವಯಂಸೇವಕರ ದಳಕ್ಕೆ ಅವಕಾಶವಿದೆ. ‘ಆಪದಾ ಮಿತ್ರ’ ಯೋಜನೆ 2016ರಲ್ಲಿ ಆರಂಭವಾಗಿ, ಮುಂದೆ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ, ಸಲಕರಣೆಯ ಚೀಲ, ವಿಮೆ ಕೊಡುವಷ್ಟು ವಿಸ್ತಾರವಾಯಿತು. ಅಪಘಾತದಲ್ಲಿ ಬಿದ್ದವನನ್ನು ಎತ್ತಿ ಆಸ್ಪತ್ರೆಗೆ ಒಯ್ದ ಪುಣ್ಯವಂತನನ್ನು ಪೋಲೀಸು ಕೋರ್ಟುಗಳ ಕಾಟದಿಂದ ಕಾಪಾಡಲು ನಮ್ಮ ಕರ್ನಾಟಕ ಮಾಡಿದ ಕಾಯಿದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೂ ಅಂಥದೇ ಕಲಮು ಸೇರಿತು. ಇವೆಲ್ಲ ಮನುಷ್ಯನಿಗೆ ಆದವು. ಆದರೆ ಸ್ವಯಂಸೇವಕನೂ ಅವನ ನಾಯಿಯೂ ಸೇರಿ ಒಂದು ತಂಡ ಎಂಬ ಮಾತು 2005ರ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ನಾಯಿಯನ್ನು ಬಿಟ್ಟು ಬಾ ಎಂದರೆ ಆ ಮನುಷ್ಯನಿಂದ ಏನು ಪ್ರಯೋಜನ? ಯಜಮಾನನನ್ನು ಬಿಟ್ಟು ಬಂದರೆ ಆ ನಾಯಿ ಯಾರ ಮಾತು ಕೇಳೀತು? ಧರ್ಮರಾಯನು ತನ್ನ ಹಿಂದೆ ನಡೆದು ಬಂದ ನಾಯಿಯನ್ನು ಬಿಟ್ಟು ಸ್ವರ್ಗದೊಳಕ್ಕೂ ಬರಲೊಲ್ಲೆನೆಂದ ಕಥೆಯನ್ನು ನಾವು ಹರಿಕಥೆಗಳಲ್ಲಿ ಕೇಳುತ್ತ ಬೆಳೆದವರು.

ಕಥೆಯೇಕೆ, ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿಸ್ತಶಕ 950ರ ಸುಮಾರಿನ ಶಾಸನವೊಂದು ದೊರೆತಿದೆ. ಗಂಗರ ಬೂತುಗನ ಕಡೆಯ ಮಣಲೆರ ಎಂಬ ವೀರನು, ಯುದ್ಧದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಏನು ಬೇಕೆಂದು ಕೇಳಿದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಅದು ಹಂದಿಯೊಡನೆ ಸೆಣಸಿ ಎರಡೂ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ದತ್ತಿಬಿಟ್ಟರು. ಸಾವಿರ ವರ್ಷದ ಹಿಂದೆ ಕನ್ನಡ ನಾಡು ನಾಯಿಯ ಸೇವೆಯನ್ನು ಹೆಸರು ಹಿಡಿದು ದಾಖಲೆಗೆ ತಂದಿತು. ಇಂದಿನ ದಾಖಲೆಯಲ್ಲಿ ಒಂದು ಸಾಲು ಕೇಳುವುದು ಅತಿಯಾಸೆಯಲ್ಲ.

ನಮ್ಮ ಅರಿಕೆ ಇಷ್ಟು. ಒಂದು, ರಾಷ್ಟ್ರೀಯ ಪಡೆಯಂಥ ಬಲ್ಲವರೇ ಸ್ವಯಂಸೇವಕರ ನಾಯಿಗಳಿಗೂ ಪರೀಕ್ಷೆ ನಡೆಸಲಿ, ಕಾಲಕಾಲಕ್ಕೆ ಮರುಪರೀಕ್ಷೆ ಮಾಡಲಿ; ಸೋತದ್ದನ್ನು ಮುಲಾಜಿಲ್ಲದೆ ಕೈಬಿಡಲಿ. ಎರಡು, ಗೆದ್ದವರನ್ನು ನಾಯಿ ಯಜಮಾನ ಸೇರಿ ಒಂದೇ ತಂಡವೆಂದು ಜಿಲ್ಲೆಯ ಪಟ್ಟಿಯಲ್ಲಿ ಬರೆದು ಗುರುತಿನ ಚೀಟಿ ಕೊಡಲಿ. ಮೂರು, ವಿಪತ್ತಾದೊಡನೆ ಯಾರು ಕರೆಯಬೇಕು, ಸ್ಥಳದಲ್ಲಿ ಯಾರ ಮಾತು ಕೇಳಬೇಕು ಎಂಬುದು ಗೊತ್ತಾಗಿರಲಿ. ಆ ಕರೆಯೇ ಅವರಿಗೆ ರೈಲು ಬಸ್ಸುಗಳ ರಹದಾರಿಯಾಗಲಿ. ನಾಲ್ಕು, ಕರೆಯಿಂದ ಹಿಂದಿರುಗುವವರೆಗೆ ಇಬ್ಬರಿಗೂ ವಿಮೆ, ಚಿಕಿತ್ಸೆ ಇರಲಿ, ಮತ್ತು ನೌಕರಿ ಹೋಗದಿರಲಿ. ಈ ಕೊನೆಯ ಮಾತು ನಮ್ಮಂಥವರಿಗೆ ಮುಖ್ಯ. ಇಟಲಿ ದೇಶದಲ್ಲಿ ಪಟ್ಟಿಯಲ್ಲಿರುವ ಸ್ವಯಂಸೇವಕ ವಿಪತ್ತಿನ ಕೆಲಸಕ್ಕೆ ಹೋದರೆ ಮಾಲಿಕ ಅವನ ಕೆಲಸವನ್ನೂ ಸಂಬಳವನ್ನೂ ಉಳಿಸಬೇಕು. ಮಾಲಿಕ ಕೇಳಿದರೆ ಆ ಸಂಬಳವನ್ನು ಸರಕಾರ ತುಂಬಿಕೊಡುತ್ತದೆ. ದಿನಗೂಲಿಯವನೂ ಸೇವೆ ಮಾಡುವಂತಾಗಲು ಇದೊಂದೇ ದಾರಿ. ಇಲ್ಲವಾದರೆ ಸ್ವಯಂಸೇವೆ ಉಳ್ಳವರ ಸೊತ್ತಾಗಿ ಉಳಿಯುತ್ತದೆ.

ಇದಕ್ಕೆ ತಕ್ಕ ಸಮಯವೂ ಬಂದಿದೆ. 2025ರ ತಿದ್ದುಪಡಿಯಿಂದ ಮಹಾನಗರಪಾಲಿಕೆಯಿರುವ ನಗರಗಳಿಗೆ ಪ್ರತ್ಯೇಕ ನಗರ ವಿಪತ್ತು ಪ್ರಾಧಿಕಾರವನ್ನು ಮಾಡಲು ರಾಜ್ಯಗಳಿಗೆ ಅಧಿಕಾರ ದೊರೆತಿದೆ. ಸಚಿನ್ ಪುರಸಭೆ 2020ರಲ್ಲಿ ಸೂರತ್ ಮಹಾನಗರಪಾಲಿಕೆಗೆ ಸೇರಿರುವುದರಿಂದ ಇದು ನಮಗೂ ಸಂಬಂಧಪಟ್ಟದ್ದು. ಇಂಥ ಪಟ್ಟಿಯನ್ನು ಇಡಲು ಅದಕ್ಕಿಂತ ತಕ್ಕ ಕಚೇರಿ ಬೇರೆ ಇಲ್ಲ.

ನಾಯಿಯಿಂದ ಎಲ್ಲವೂ ಆಗುತ್ತದೆಂದು ಯಾರೂ ಭ್ರಮಿಸಬೇಡಿ. 2022ರ ಜನವರಿ 6ರಂದು ಇದೇ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರಿನಿಂದ ಚರಂಡಿಗೆ ಬಿಟ್ಟ ರಾಸಾಯನಿಕದ ವಿಷಾನಿಲ ಆರು ಮಂದಿ ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ಅಂಥ ಕಡೆ ನಾಯಿಯನ್ನು ಬಿಟ್ಟರೆ ನಾಯಿಯೂ ಸತ್ತೀತು, ಅದರ ಹಿಂದೆ ಹೋದವನೂ ಸತ್ತಾನು. ಯಾವಾಗ ಬಿಡಬಾರದು ಎಂದು ಹೇಳುವ ಅಧಿಕಾರಿ ಬೇಕೆಂಬುದಕ್ಕೂ ಇದೇ ಕಾರಣ. ನಮ್ಮ ಖೋಲಿಗಳಲ್ಲಿ ತಲೆಗೊಂದು ನಾಯಿ ಸಾಕಿರೆಂದೂ ನಾವು ಹೇಳುತ್ತಿಲ್ಲ. ನಮಗೇ ಕಾಲು ಚಾಚಲು ಜಾಗವಿಲ್ಲ.

ಆದರೆ ನಾಯಿ ಮಾಡಲಾಗದ ಒಂದು ಕೆಲಸವನ್ನು ನಾವು ಮಾಡಬಹುದು. ಇಲ್ಲಿ ಜೀವವಿದೆ ಎಂದು ನಾಯಿ ಹೇಳುತ್ತದೆ. ಒಳಗೆ ಎಷ್ಟು ಮಂದಿ ಇದ್ದರು ಎಂದು ಹೇಳಲಾರದು. ಒಂದೇ ಕೋಣೆಯಲ್ಲಿ ಹಗಲು ಪಾಳಿಯವರು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವರು ಮಲಗುವ ಊರು ಇದು. ಯಾರು ಒಳಗೆ, ಯಾರು ಕಾರ್ಖಾನೆಯಲ್ಲಿ ಎಂದು ಮಾಲಿಕನಿಗೂ ಗೊತ್ತಿರುವುದಿಲ್ಲ. ಆದಕಾರಣ ಪ್ರತಿ ಕಟ್ಟಡದಲ್ಲಿ ನಮ್ಮವರು ಕೋಣೆವಾರು ಹೆಸರು, ಪಾಳಿ, ಊರಿನ ಫೋನು ಇವುಗಳ ಪಟ್ಟಿ ಬರೆದು ಒಂದು ಪ್ರತಿಯನ್ನು ಪಕ್ಕದ ಕಟ್ಟಡದವರಲ್ಲಿಯೂ ಇನ್ನೊಂದನ್ನು ಈ ವಾಚನಾಲಯದಲ್ಲಿಯೂ ಇಡಬೇಕೆಂದು ಬೇಡುತ್ತೇವೆ. ಅದು ಬೇರೆಯವರ ಕೈಗೆ ಸಿಗದಂತೆ ನೋಡಿಕೊಳ್ಳುವ ಹೊಣೆ ನಮ್ಮದು. ಜಿಲ್ಲೆಯ ವಿಪತ್ತು ಕಚೇರಿಯ ದೂರವಾಣಿ 1077 ಎಂಬುದನ್ನು ಬಾಗಿಲ ಹಿಂದೆ ಬರೆದಿಡಿ. ದುರ್ಘಟನೆಯಾದರೆ ಗುಂಪುಗೂಡಿ ಅವಶೇಷದ ಮೇಲೆ ಹತ್ತಬೇಡಿ. ನಾಯಿ ಹುಡುಕುವಾಗ ಸದ್ದು ಮಾಡಬೇಡಿ. ಗಟ್ಟಿಮುಟ್ಟಾದ ತರುಣರು ಆಪದಾ ಮಿತ್ರರ ತರಬೇತಿಗೆ ಹೆಸರು ಕೊಡಿ.

ಮೇಲೆ ಹೇಳಿದ ನಾಲ್ಕು ಮಾತುಗಳ ಮನವಿಯನ್ನು ಗುಜರಾತಿಯಲ್ಲಿ ಬರೆಸಿ ಮೇಜಿನ ಮೇಲೆ ಇಟ್ಟಿದ್ದೇವೆ. ಅದು ಜಿಲ್ಲಾಧಿಕಾರಿಗಳಿಗೂ ಮಹಾನಗರಪಾಲಿಕೆಯ ಆಯುಕ್ತರಿಗೂ ಹೋಗುತ್ತದೆ. ಓದಿಸಿಕೊಂಡು, ಒಪ್ಪಿಗೆಯಾದರೆ ರುಜು ಹಾಕಿ. ಒಪ್ಪಿಗೆಯಾಗದಿದ್ದರೆ ಏಕೆಂದು ನಮಗೆ ತಿಳಿಸಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ಕೂಗಲಾರದೆ ಬಿದ್ದವನು ಕನ್ನಡಿಗನೋ ಒಡಿಯಾದವನೋ ಬಿಹಾರದವನೋ, ಅವನ ಉಸಿರನ್ನು ಗುರುತಿಸಬಲ್ಲ ಮೂಗು ಈ ಊರಿನಲ್ಲೇ ಇರಬೇಕು; ಅದು ಬಂದಾಗ ಹಗ್ಗದ ಹೊರಗೆ ನಿಲ್ಲಬಾರದು.